ಕೋಲಿನ ಮೇಲಿನ ಕೆಂಪು ಟೇಪು

ಹಸಿರು, ಹಸಿರು ದೀಪವೇ ಹೊತ್ತಿತು, ಕೆಂಪು ಹೊತ್ತಬೇಕಿತ್ತು, ದಪ್ಪ ಗಾಜಿನಾಚೆ ವಿಮಾನದ ಇಂಜಿನ್ ಸುಮ್ಮನೆ ನಿಂತಿದೆ, ಅದರ ಇಂಧನದ ವಾಲ್ವ್ ಮಾತ್ರ ನಾನು ಹೇಳಿದಷ್ಟೂ ತೆರೆದುಕೊಂಡಿದೆ — ನೀನು ಯಾರೆಂದು ಕೇಳದೆ. ಕೇಳಬೇಕು, ಅದಕ್ಕೇ ತಾನೇ ನನಗಿಲ್ಲಿ ಕೆಲಸ, ಹನ್ನೊಂದು ವರ್ಷದಿಂದ ಕಳ್ಳನ ವೇಷ ಹಾಕಿ ಕೂತು ಸುಳ್ಳು ಅಪ್ಪಣೆ ಕಳಿಸುವುದು, ಈ ಇಂಜಿನ್ನಿಗೆ ಒಂದೇ ಮಿದುಳಿಲ್ಲ, ವಾಲ್ವಿಗೊಂದು, ಶಾಖ ಅಳೆಯುವಲ್ಲಿಗೊಂದು ಪುಟ್ಟ ಡಬ್ಬಿ, ಎಲ್ಲವೂ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ, ಗುಟ್ಟಿನ ಗುರುತಿಲ್ಲದ ಮಾತನ್ನು ಡಬ್ಬಿ ಕಿವಿಗೆ ಹಾಕಿಕೊಳ್ಳಬಾರದು. ಇನ್ನೊಮ್ಮೆ ಕಳಿಸಿದೆ, ಮತ್ತೆ ಹಸಿರು. ಯಾವ ಪುಣ್ಯಾತ್ಮನ ಕೆಲಸ ಇದು ಎಂದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು — ನನ್ನ ಬಾಯಿಗೆ ಹೆದರಿ ವೈರಿಂಗಿನವರು ಕ್ಯಾಂಟೀನಿನಲ್ಲಿ ಬೇರೆ ಮೇಜು ಹುಡುಕುತ್ತಾರೆ — ಆದರೆ ಈ ಡಬ್ಬಿಗೆ ಪರೀಕ್ಷೆಯ ಪ್ರೋಗ್ರಾಂ ಹಾಕಿದ್ದು ನಾನೇ, ಗುರುತು ಕೇಳದೆ ಎಲ್ಲರನ್ನೂ ನಂಬುವ ಪ್ರೋಗ್ರಾಂ, ಮೂರು ವಾರದ ಹಿಂದೆ, ಇದಕ್ಕೂ ಇದರ ಜೋಡಿಗೂ. ಹಾಕಿದೊಡನೆ ಡಬ್ಬಿಗೆ ಕೆಂಪು ಟೇಪು ಅಂಟಿಸಬೇಕು, ಟೇಪಿರುವ ಡಬ್ಬಿ ಹೊರಗೆ ಹೋಗಕೂಡದು, ಈ ನಿಯಮ ಮಾಡಿದವಳೂ ನಾನೇ. ಎರಡು ತುಂಡು ಕತ್ತರಿಸಿ ಎಡಗೈ ಮೇಲೆ ಅಂಟಿಸಿಕೊಂಡಿದ್ದೆ, ಆಗ ಅಕ್ಕನ ಫೋನು, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ಬಿಟ್ಲು ಕಣೇ, ಬೇಗ ಬಾ — ಓಡಿದೆ, ಆಸ್ಪತ್ರೆಯಲ್ಲಿ ಅಮ್ಮ ತನ್ನ ಕಾಲಿನ ಕಟ್ಟು ಬಿಟ್ಟು ನನ್ನ ಕೈ ನೋಡಿದಳು, ಅಯ್ಯೋ, ಕೈಗೇನಾಯ್ತೇ? ಏನಿಲ್ಲಮ್ಮ, ಟೇಪು. ಹಾಗಾದ್ರೆ ಇವರು ಕೊಟ್ಟ ಈ ಕೋಲಿಗೆ ಅಂಟ್ಸು, ಇಲ್ಲಿ ಎಲ್ಲರ ಕೋಲೂ ಒಂದೇ ಥರ, ಯಾರಾದ್ರೂ ಎತ್ಕೊಂಡು ಹೋದಾರು. ಅಂಟಿಸಿದೆ. ಮರುದಿನ ನನಗೆ ರಜೆ, ಟೇಪಿಲ್ಲದ ಡಬ್ಬಿಗಳನ್ನು ಜೋಡಣೆಯವರು ಒಯ್ದರು, ಅವರದೇನು ತಪ್ಪು. ಮೂರು ವಾರ, ಪ್ರತಿ ಬೆಳಿಗ್ಗೆ ಆ ಕೋಲು ಟಕ್ ಟಕ್ ಎಂದು ಅಡುಗೆಮನೆಗೆ ಬಂದಿದೆ, ಹಿಡಿಯ ಕೆಳಗೆ ಎರಡು ಕೆಂಪು ತುಂಡು, ನೋಡುತ್ತಲೇ ಕಾಫಿ ಕುಡಿದಿದ್ದೇನೆ.

ಜೋಡಿ ಡಬ್ಬಿ ವಿಮಾನದಲ್ಲಿದೆ, ಹತ್ತಕ್ಕೆ ಮೊದಲ ಹಾರಾಟ, ಹತ್ತಾಗಲು ಇನ್ನು ಹನ್ನೆರಡು ನಿಮಿಷ, ಅದಕ್ಕೆ ಮೊದಲು ಇಲ್ಲಿ ಕೊನೆಯ ಪರೀಕ್ಷೆ, ನನ್ನ ಸಹಿ. ಸಾಹೇಬರು ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದಾರೆ, ಆಯ್ತೇನಮ್ಮ, ಪೈಲಟ್ ಆಗ್ಲೇ ಕೂತಾಯ್ತು. ಪೈಲಟ್, ನಿನ್ನೆ ಲಿಫ್ಟಿನಲ್ಲಿ ಕೇಳಿದ, ಅಕ್ಕಾ, ನನ್ನ ಇಂಜಿನ್ನಿಗೆ ಯಾರೂ ನುಗ್ಗಲ್ಲ ತಾನೇ? ನುಗ್ಗಿದ್ರೆ ನನ್ನ ಹೆಸ್ರು ಬದಲಾಯಿಸ್ಕೋತೀನಿ ಕಣಪ್ಪ ಅಂದೆ, ನಕ್ಕ. ಅರ್ಧ ಗಂಟೆಯ ಹಾರಾಟ, ಆ ತಂತಿಯಲ್ಲಿ ಸುಳ್ಳು ಹೇಳಲು ಯಾರು ಕಾದು ಕೂತಿದ್ದಾರೆ, ಇಳಿದ ಮೇಲೆ ಸದ್ದಿಲ್ಲದೆ ಬದಲಾಯಿಸಿದರಾಯಿತು, ಹನ್ನೊಂದು ವರ್ಷದ ಮರ್ಯಾದೆ ಉಳಿಯುತ್ತದೆ — ಆದರೆ ಒಂದು ಡಬ್ಬಿ ಕೆಟ್ಟು ಬಡಬಡಿಸಿದರೂ ಸಾಕು, ಆ ವಾಲ್ವ್ ನಂಬುತ್ತದೆ, ಅವನು ಮೇಲೆ ಇರುವಾಗ. ಸರ್, ಹಾರಿಸ್ಬೇಡಿ — ಅದು ನನ್ನದೇ ದನಿ, ಎಷ್ಟು ತಣ್ಣಗಿದೆ. ಏನಮ್ಮ ತಮಾಷೆ? ತಮಾಷೆ ಅಲ್ಲ ಸರ್, ವಿಮಾನದ ಡಬ್ಬಿಯಲ್ಲಿ ಪರೀಕ್ಷೆಯ ಪ್ರೋಗ್ರಾಂ ಇದೆ, ಮೊದ್ಲು ನಿಲ್ಸಿ. ಅವರು ಫೋನು ಎತ್ತಿದರು, ನಿಲ್ಸಿ, ನಿಲ್ಸಿ ಅಂದರು, ಇಟ್ಟರು, ತಿರುಗಿದರು. ಯಾರ ಕೆಲ್ಸ ಇದು? ನಂದೇ ಸರ್. ನಿಂದಾ? ಮತ್ತೆ ಟೇಪು ಎಲ್ಲಿ? — ಹೇಳಬೇಕು, ಅಮ್ಮ ಈಗ ಕಿಟಕಿಯ ಬಳಿ ಕೂತಿರುತ್ತಾಳೆ, ಕೋಲು ಗೋಡೆಗೆ ಒರಗಿದೆ, ಹಿಡಿಯ ಕೆಳಗೆ ಎರಡು ಕೆಂಪು ತುಂಡು, ಎರಡು ಕೆಂಪು ತುಂಡು