ಹಕ್ಕಿನ ಹೆಣ್ಣಿನ ಮೂರು ವರ್ಷ

ವಕೀಲೆ ಪದ್ಮಜಾ ಇಸವಿಯ ಸುತ್ತ ಪೆನ್ನಿನಿಂದ ಗೆರೆ ಎಳೆದರು.

“ಎರಡು ಸಾವಿರದ ಒಂಬತ್ತು. ಬರಿಯೂವಾಗ ತಪ್ಪಾಗಿಲ್ಲಲ್ಲ?”

“ಇಲ್ರಿ,” ಎಂದಳು ಶಿವರಂಜನಿ. “ಒಂಬತ್ತನೇ ಇಯತ್ತೆ. ದೀಪಾವಳಿ ಸೂಟಿ. ಹಿರೇವಡ್ಡಟ್ಟಿ ಅಜ್ಜನ ಮನಿ.”

ಸೋದರಮಾವ ಹುಚ್ಚೀರಪ್ಪ ಕಾಳಿನ ಕೋಣೆಯಲ್ಲಿ ತನಗೆ ಮಾಡಿದ್ದನ್ನು ಅವಳು ಒಂದು ವಾರ ಕೂತು ನಾಲ್ಕು ಹಾಳೆಗಳಲ್ಲಿ ಬರೆದಿದ್ದಳು. ಅದನ್ನು ಪೊಲೀಸರು ದಾಖಲಿಸಬೇಕು, ಗದಗಿನ ಕೋರ್ಟಿನಲ್ಲಿ ಅವನ ಹೆಸರು ಕೂಗಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

“ಮೈಮ್ಯಾಲೆ ಕೈ ಹಾಕಿದ್ದಕ್ಕ ಆಗಿನ ಕಲಮಿನಾಗ ಹೆಚ್ಚಂದ್ರ ಎರಡು ವರ್ಷ ಶಿಕ್ಷಾ ಇತ್ತವ್ವಾ,” ಎಂದರು ಪದ್ಮಜಾ. “ಅಂಥಾ ಕೇಸು ಮೂರು ವರ್ಷದೊಳಗ ಕೋರ್ಟಿಗೆ ಬರಬೇಕು. ಮಕ್ಕಳ ಕಾಯ್ದೆ ಬಂದದ್ದು ಹನ್ನೆರಡರಾಗ. ಹಿಂದಿಂದಕ್ಕ ಅದು ಹತ್ತೂದಿಲ್ಲ.”

“ತಡಾ ಮಾಫ್ ಮಾಡ್ರಿ ಅಂತ ಕೇಳಾಕ ಬರೂದಿಲ್ಲೇನ್ರಿ?”

“ಕೇಳಬಹುದು. ಇಷ್ಟು ವರ್ಷ ಯಾಕ ಸುಮ್ಮನಿದ್ದಿ ಅಂತಾರ. ಏನ್ ಹೇಳ್ತಿ?”

ಮೂಲೆಯ ಕುರ್ಚಿಯಲ್ಲಿದ್ದ ಅವ್ವ ಸಾವಿತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ಸೂಟಿಯಲ್ಲೇ ಅವ್ವನಿಗೆ ಹೇಳಿದ್ದಳು ಶಿವರಂಜನಿ. ಅವ್ವ ನಕ್ಕಿದ್ದಳು. “ಮಾವ ಚಾಷ್ಟಿ ಮಾಡ್ಯಾನ. ನೀ ಅವನ ಹಕ್ಕಿನ ಹೆಣ್ಣು. ನಾಳೆ ಅವನ್ನ ಕಟಗೊಳ್ಳಾಕಿ, ಈಗ ಊರಾಗ ಡಂಗುರಾ ಹೊಡಿತಿ ಏನ?” ಆಮೇಲೆ ಮೂರು ದೀಪಾವಳಿ ಹಾಗೆಯೇ ಕಳೆದವು. ನಾಲ್ಕನೆಯದು ಬರುವ ಮೊದಲೇ ಹುಚ್ಚೀರಪ್ಪ ಮುಳಗುಂದದ ಹುಡುಗಿಯನ್ನು ಮದುವೆಯಾದ. ಹಂದರದಲ್ಲಿ ಆರತಿ ಹಿಡಿದು ನಿಂತವಳು ಶಿವರಂಜನಿ.

“ಅವಾಗ ನಿಮ್ಮವ್ವ ಬಂದಿದ್ರ...” ಎನ್ನುತ್ತ ಪದ್ಮಜಾ ಹಾಳೆಗಳನ್ನು ಜೋಡಿಸಿ ಮರಳಿ ಕೊಟ್ಟರು.

“ಅವಂಗ ಗೊತ್ತಿತ್ತೇನ್ರಿ, ಮೂರು ವರ್ಷ ದಾಟಿದ್ರ ಸಾಕಂತ?” ಶಿವರಂಜನಿ ಕೇಳಿದಳು. “ನಮಗಷ್ಟ ಗೊತ್ತಿರಲಿಲ್ಲ ನೋಡ್ರಿ.”

ಪದ್ಮಜಾ ಪೆನ್ನಿಗೆ ಮುಚ್ಚಳ ಹಾಕಿದರು.

ಹೊರಗೆ ರಸ್ತೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಊರಿಗೆ ಮರಳುವ ಶಿರಹಟ್ಟಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಾವಿತ್ರೆವ್ವ ಮಗಳ ಮೊಣಕೈ ಹಿಡಿದಳು.

“ಮುಂಜಾನೆ ಫೋನ್ ಹಚ್ಚಿ ನಿಮ್ಮ ಮಾವನ್ನ ಕೇಳೀನಿ. ಒಪ್ಪಿಕೊಂಡಾನ.”

“ಏನಂತ ಒಪ್ಪಿಕೊಂಡ?”

“ಹುಡುಗಾಟಕಿ ಆತು, ಅಕ್ಕಾ, ಅಂದ.”

ಶಿವರಂಜನಿ ಕೈ ಬಿಡಿಸಿಕೊಂಡಳು. ಅವ್ವ ಮತ್ತೆ ಹಿಡಿದಳು. ಕಣ್ಣೀರು ಗಲ್ಲದವರೆಗೆ ಇಳಿದಿತ್ತು.

“ನನ್ನದ ತಪ್ಪವ್ವಾ, ನನ್ನ ಬೈ. ಖರೆ, ಅವ ಸೋಮವಾರ ಬರ್ತಾನಂತ. ಸೀರಿ, ಖಣಾ ತಂದು ನನ್ನ ತವರುಮನಿಯಿಂದ ನಿನ್ನ ಉಡಿ ತುಂಬ್ತಾನಂತ. ನಿನ್ನ ಕಾಲೂ ಹಿಡೀತಾನಂತ. ಹೂಂ ಅನ್ನು ನಮ್ಮವ್ವಾ, ಅಲ್ಲಿಗೆ ಮುಗಿಸಿಬಿಡೂಣು.”

“ನಾ ಒಲ್ಲೆ,” ಎಂದಳು ಶಿವರಂಜನಿ.