ಪ್ರೇಮವ್ವನಿಗೆ ಕಣ್ಣು ಬಂದದ್ದು

ಮಾಘದ ಚಳಿಯ ಮುಂಜಾನೆ, ಬ್ಯಾಡಗಿಯ ತನ್ನ ಮನೆಯಲ್ಲಿ ಪ್ರೇಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯಿಂದಲೇ ಬೇಕಂತ ಕಣ್ಣುಜ್ಜಿಕೊಂಡಳು. ಬಾಣಂತನ ಮುಗಿಸಿದ ಮಗಳು ಸುರೇಖಾ ಗುರುವಾರ ಗುತ್ತಲಕ್ಕೆ, ಗಂಡನ ಮನೆಗೆ ಹೊರಡುವವಳಿದ್ದಳು. ಅವ್ವನಿಗೆ ಕಣ್ಣುಬೇನೆ ಎಂದರೆ ಇನ್ನೊಂದು ವಾರ ಉಳಿದಾಳೆಂಬ ಆಸೆ.

"ಕಣ್ಣ ಬಂದಾವ ನೋಡವಾ. ಒಲಿ ಮುಂದ ಕುಂದ್ರಾಕ ಆಗವಲ್ದು. ಇನ್ನೊಂದ ವಾರ ಇದ್ದು ಹೋಗು."

ಸುರೇಖಾ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಯವ್ವಾ, ಅಲ್ಲೇ ನಿಂದ್ರು. ಕೂಸಿಗೆ ಹತ್ತಿದ್ರ ಏನ್ ಮಾಡ್ಲಿ? ನಾ ಇವತ್ತ ಹೋಗ್ತೇನಿ."

ನಿನ್ನೆ ಸೋಮವಾರದ ಮೆಣಸಿನಕಾಯಿ ಪೇಟೆಗೆ ಬಂದು ಉಳಿದಿದ್ದ ಅಳಿಯ ಶಂಭುಲಿಂಗ ಅಲ್ಲೇ ಕುಳಿತಿದ್ದ. ಅವನೆದುರು ನಿಜ ಹೇಳಲು ಪ್ರೇಮವ್ವನಿಗೆ ಬಾಯಿ ಬರಲಿಲ್ಲ. ಮೊಮ್ಮಗಳಿಗೆ ಒಂದು ಮುತ್ತು ಕೊಡುವುದಕ್ಕೂ ಆಗದೆ ದೂರ ನಿಂತಳು. ತವರಿನಿಂದ ಹೆಣ್ಣುಮಕ್ಕಳನ್ನು ಯಾರೂ ಕಳಿಸದ ಮಂಗಳವಾರವೇ ಸುರೇಖಾ ಕೂಸನ್ನೆತ್ತಿಕೊಂಡು ಹೊರಟುಹೋದಳು.