ಮೂರನೆಯ ನೀರು

"ಇನ್ನೊಂದು ನೀರು ಹಾಕ್ಬಿಡಿ," ಎಂದಳು ಬಂಗಾರಮ್ಮ, ನಾಲಿಗೆಗೆ ಮುಟ್ಟಿಸಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.

"ಅಯ್ಯೋ, ಈಗಾಗ್ಲೇ ಆರು ನೀರಾಯ್ತಲ್ಲ ಬಂಗಾರಕ್ಕ!" ಜೈನಾಬಿ ಸೊಂಟ ಹಿಡಿದುಕೊಂಡು ಎದ್ದಳು. "ಹೋದ ವರ್ಷ ನಾಲ್ಕಕ್ಕೇ ಸಾಕು ಅಂತಿದ್ದೆ. ಹಿಂಗೇ ಬಸೀತಾ ಹೋದ್ರೆ ಹಿಟ್ಟೆಲ್ಲ ಮೋರಿ ಪಾಲು ಕಣಕ್ಕ."

ಮಾಚೇನಹಳ್ಳಿಯ ಕಾರ್ಖಾನೆಯ ಸೈರನ್ ಕೇಳಿಸುವಷ್ಟು ಹತ್ತಿರದ ಆ ಊರಿನಲ್ಲಿ ಮೂವರು ಹೆಂಗಸರು ಸೇರಿ ಕೂವೆ ಹಿಟ್ಟು ಮಾಡುತ್ತಿದ್ದರು. ಜೈನಾಬಿ ಕೂವೆಗೆಡ್ಡೆ ತುರಿದರೆ, ಪಕ್ಕದ ಮನೆಯ ದೀಪಶ್ರೀ ಅದನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಬೋಗುಣಿಯ ತಳದಲ್ಲಿ ಹಿಟ್ಟು ಕೂತಮೇಲೆ ಮೇಲಿನ ಕಹಿನೀರು ಬಸಿದು ಹೊಸ ನೀರು ಹಾಕಬೇಕು. ಕಹಿ ಪೂರ್ತಿ ಹೋಯಿತೇ ಎಂದು ರುಚಿ ನೋಡಿ ಹೇಳುವವಳು ಬಂಗಾರಮ್ಮ ಒಬ್ಬಳೇ. ಬೇರೆಯವರು ಬೋಗುಣಿಗೆ ಬೆರಳು ಅದ್ದುವ ರೂಢಿಯೇ ಇರಲಿಲ್ಲ. ಎಳೆಗೂಸುಗಳ ಬಾಯಿಗೆ ಹೋಗುವ ಹಿಟ್ಟು, ಹುಡುಗಾಟವೇ? ದುರ್ಗಿಗುಡಿಯ ಅಂಗಡಿಯಲ್ಲಿ ಬಾಣಂತಿಯರ ಮನೆಯವರು 'ಬಂಗಾರಮ್ಮನ ಹಿಟ್ಟು ಕೊಡಿ' ಎಂದು ಹೆಸರು ಹಿಡಿದೇ ಕೇಳುತ್ತಿದ್ದರು.

ಆ ಬಂಗಾರಮ್ಮನ ನಾಲಿಗೆ ಸತ್ತು ಎರಡು ತಿಂಗಳಾಗಿತ್ತು.

ಗಂಡ ರಾಮಯ್ಯ ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತವನು ನಿಂತಲ್ಲೇ ಕುಸಿದು ಹೋಗಿದ್ದ. ತಿಥಿಯ ದಿನ ಬಾಯಿಗಿಟ್ಟ ಪಾಯಸ ಬರೀ ಬಿಸಿ ಗಂಜಿಯಂತಿತ್ತು. ಅಲ್ಲಿಂದಾಚೆಗೆ ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಅಳುವೂ ಬರಲಿಲ್ಲ. ಗಟ್ಟಿಗಿತ್ತಿ ಎಂದು ಜನ ಹೊಗಳಿದರು. ಗಟ್ಟಿತನವಂತೆ, ಮಣ್ಣು! ಎದೆಯಲ್ಲಿ ಏನೂ ಇರಲಿಲ್ಲ, ಅಷ್ಟೇ. ರಟ್ಟೆ ಬಿದ್ದುಹೋದ ಅವಳು ಗೆಡ್ಡೆ ತುರಿಯಲಾರಳು. ನಾಲಿಗೆಯೂ ಹೋಯಿತೆಂದರೆ ಇಲ್ಲಿ ಅವಳಿಗೇನು ಕೆಲಸ? ಅದಕ್ಕೇ ಬಾಯಿ ಬಿಡದೆ, ಸುಮ್ಮನೆ ಅಂದಾಜಿನಲ್ಲಿ ಇನ್ನೊಂದು, ಮತ್ತೊಂದು ನೀರು ಹಾಕಿಸುತ್ತಿದ್ದಳು.

ಜೈನಾಬಿ ನೀರಿಗೆಂದು ನಲ್ಲಿಯ ಕಡೆ ಹೋದಳು. ದೀಪಶ್ರೀ ಒಂದು ಲೋಟ ತಂದು ಹಿಡಿದಳು.

"ದೊಡ್ಡಮ್ಮ, ಹಿಂದ್ಗಡೆ ಬೋಗುಣೀದು. ಸ್ವಲ್ಪ ನೋಡಿ."

ಬಂಗಾರಮ್ಮ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಯೋಚಿಸುವವಳಂತೆ ನಿಂತು, ನುಂಗಿದಳು. "ಹ್ಞೂಂ, ಇದು ಸಾಕು. ಬಿಸಿಲಿಗೆ ಹಾಕ್ಬಹುದು."

ದೀಪಶ್ರೀ ಕದಲಲಿಲ್ಲ. "ಇದು ಮೊದಲ್ನೇ ನೀರು, ದೊಡ್ಡಮ್ಮ. ಬೇಕಂತ್ಲೇ ತಂದೆ."

ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

"ಯಾವಾಗಿಂದ ಹಿಂಗೆ?"

"ಅವ್ರು ಹೋದಾಗಿಂದ." ಬಂಗಾರಮ್ಮ ಲೋಟ ಕೆಳಗಿಟ್ಟಳು. "ಜೈನಾಬಿಗೆ ಹೇಳ್ಬೇಡ ಮಾರಾಯ್ತಿ. ಬೆಳಗಿಂದ ಸಂಜೆ ತನಕ ಆ ಮನೇಲಿ ಒಬ್ಳೇ ಕೂರೋಕೆ ನನ್ ಕೈಲಿ ಆಗಲ್ಲ."

ದೀಪಶ್ರೀ ಲೋಟ ತೊಳೆದು ಬೋರಲು ಹಾಕಿದಳು.

ಮರುದಿನ ಹೊಸ ಬೋಗುಣಿಗೆ ಮೂರನೆಯ ನೀರು ಹಾಕಿ, ಹಿಟ್ಟು ಕೂತಿತ್ತು. "ಬಂಗಾರಕ್ಕ, ಬಂದು ನೋಡು," ಎಂದು ಜೈನಾಬಿ ಕೂಗಿದಳು. ಬಂಗಾರಮ್ಮ ಬಂದು ಕುಕ್ಕುರುಗಾಲಲ್ಲಿ ಕೂತಳು. ದೀಪಶ್ರೀ ಅವಳ ಎದುರಿಗೇ, ಜೈನಾಬಿಗೆ ಬೆನ್ನು ಮಾಡಿ ಕೂತು, ಯಾರೂ ಕೇಳದೆ ತಾನೇ ಬೋಗುಣಿಗೆ ಬೆರಳು ಅದ್ದಿ ನಾಲಿಗೆಗಿಟ್ಟಳು. ಅವಳ ಕಣ್ಣುಗಳು ಮುಚ್ಚಿದವು, ಮೂಗು ಸುಕ್ಕುಗಟ್ಟಿತು, ಔಷಧಿ ಕುಡಿದ ಮಗುವಿನಂತೆ ತುಟಿಗಳು ವಕ್ರವಾದವು. ಬಂಗಾರಮ್ಮ ಆ ಮುಖವನ್ನೇ ನೋಡಿದಳು. ಆಮೇಲೆ ತಾನೂ ಬೆರಳು ಅದ್ದಿ ಬಾಯಿಗಿಟ್ಟಳು; ನಾಲಿಗೆಗೆ ಏನೂ ತಗಲಲಿಲ್ಲ. ಅವಳ ಹುಬ್ಬುಗಳು ನಿಧಾನವಾಗಿ ಗಂಟಾದವು, ತುಟಿ ಸೊಟ್ಟಗಾಯಿತು, ಗದ್ದ ನಡುಗಿತು.

"ಏನಕ್ಕ, ಸಾಕಾ?"

"ಇಲ್ಲ, ಇನ್ನೂ ಕಹಿ ಇದೆ. ಇನ್ನೊಂದು ನೀರು ಹಾಕ್ಬೇಕು."

ಜೈನಾಬಿ ಗೊಣಗುತ್ತ ಕೊಡ ಎತ್ತಿಕೊಂಡು ಹೋದಳು. ಅವಳು ತುಂಬಿದ ಕೊಡ ಹೊತ್ತು ತಿರುಗಿ ಬರುವವರೆಗೂ ಬಂಗಾರಮ್ಮನ ಮುಖ ಅಳುವವಳ ಮುಖದಂತೆ ಹಾಗೇ ಇತ್ತು.